ಲೆಮೈತ್ರ್, ಜಾರ್ಜ್ (1894–1966)

ಬೆಲ್ಜಿಯಮ್ಮಿನ ಭೌತವಿಜ್ಞಾನಿ, ಕ್ಯಾಥೊಲಿಕ್ ಪಾದ್ರಿ. 1923ರಲ್ಲಿ ಗುರುದೀಕ್ಷೆ ಪಡೆದ ಈತ ಅದೇ ವರ್ಷ ಎಡಿಂಗ್ಟನ್ ಬಳಿ ಕಲಿಯಲು ಕೇಂಬ್ರಿಜ್‌ಗೆ ಹೋದ. ವಿಶ್ವ ಹಿಗ್ಗುತ್ತಿದೆಯೆಂದು 1927ರಲ್ಲೇ ಬರೆದ. ಪ್ರಬಂಧ ಫ್ರೆಂಚಿನಲ್ಲಿ, ಅಷ್ಟಾಗಿ ಪ್ರಚಾರವಿಲ್ಲದ ಪತ್ರಿಕೆಯಲ್ಲಿ ಅಚ್ಚಾದ್ದರಿಂದ ಓದಿದವರು ಕಡಿಮೆ. ಓದಿದ ಐನ್‌ಸ್ಟೈನ್ ಗಣಿತವನ್ನು ಒಪ್ಪಿದ, ಭೌತವಿಜ್ಞಾನವನ್ನು ತಳ್ಳಿಹಾಕಿದ.

ಇಡೀ ವಿಶ್ವ ಒಂದೇ ಆದಿಮ ಕ್ವಾಂಟಮ್‌ನಿಂದ ಹೊಮ್ಮಿರಬಹುದೆಂದು 1931ರಲ್ಲಿ ‘ನೇಚರ್’ ಪತ್ರಿಕೆಯ ಪುಟ್ಟ ಟಿಪ್ಪಣಿಯಲ್ಲಿ ಸೂಚಿಸಿದ. ಮಹಾಸ್ಫೋಟ ಸಿದ್ಧಾಂತ ಮೊಳೆತದ್ದು ಇಲ್ಲಿಂದ. ಆ ಟಿಪ್ಪಣಿಯ ಬೆರಳಚ್ಚು ಪ್ರತಿಯ ಕೊನೆಗೆ, ಮರೆಯಲ್ಲಿರುವ ದೇವರನ್ನು ಕುರಿತ ಪ್ಯಾರಾ ಒಂದಿತ್ತು. ಅದರ ಮೇಲೆ ಗೀಟು ಎಳೆದಿದೆ, ಅಚ್ಚಿನಲ್ಲಿ ಅದಿಲ್ಲ. ಈತನ ನಿಲುವನ್ನು ತಿಳಿಯಲು ಆ ಗೀಟೊಂದೇ ಸಾಕೆನ್ನಬಹುದು. 1951ರಲ್ಲಿ ಪೋಪ್ 12ನೆಯ ಪಯಸ್ ವಿಶ್ವದ ಆರಂಭವನ್ನು ದೈವಸೃಷ್ಟಿಗೆ ಪುರಾವೆಯೆಂಬಂತೆ ಕೊಂಡಾಡಿದಾಗ, ಹಿಗ್ಗಬೇಕಿದ್ದ ಪಾದ್ರಿಗೆ ಇರಿಸುಮುರಿಸಾಯಿತು. ತನ್ನ ಸಿದ್ಧಾಂತಕ್ಕೂ ದೇವರಿದ್ದಾನೆಯೇ ಎಂಬ ಪ್ರಶ್ನೆಗೂ ಸಂಬಂಧವಿಲ್ಲ, ನಾಸ್ತಿಕನೂ ಅದನ್ನು ನಿರಾತಂಕವಾಗಿ ಒಪ್ಪಬಹುದು ಎಂಬುದು ಈತನ ವಾದ. ಆದರೂ ಫ್ರೆಡ್ ಹಾಯ್ಲ್‌ನಂಥ ವಿರೋಧಿಗಳಿಗೆ ಅದರಲ್ಲಿ ಚರ್ಚಿನ ವಾಸನೆ ಬಡಿಯುತ್ತಲೇ ಇತ್ತು.

1960ರಿಂದ ವ್ಯಾಟಿಕನ್ನಿನ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾಗಿದ್ದ. ವಿಶ್ವದ ಹಿಗ್ಗುವಿಕೆಯ ನಿಯಮವನ್ನು ಹಬಲ್–ಲೆಮೈತ್ರ್ ನಿಯಮವೆಂದು ಕರೆಯಬೇಕೆಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ 2018ರಲ್ಲಿ ಶಿಫಾರಸು ಮಾಡಿತು.