ಗೋಡೆ ಎಣಿಸದ ನಕ್ಷೆ

ನಮ್ಮೂರಿನ ಹಳೇ ಮನೆಯ ಗೋಡೆ ಎರಡಡಿ ದಪ್ಪ. ಕಲ್ಲು, ಮಣ್ಣು, ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ತಂಪೋ ತಂಪು. ಗೋಡೆ ದಪ್ಪ ಇದ್ದಷ್ಟೂ ಮನೆ ಗಟ್ಟಿ ಅಂತ ನಾನೂ ನಂಬಿದ್ದೆ, ಕಿಲ್ಲಾರಿಯ ಕಥೆ ಓದುವವರೆಗೆ.

ಕಿಲ್ಲಾರಿ ಇರುವುದು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯಲ್ಲಿ, ನಮ್ಮ ಗಡಿಯಿಂದ ಬಹಳ ದೂರವೇನಲ್ಲ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಗಣಪತಿ ಬಿಟ್ಟು ಬಂದ ಜನ ಮಲಗಿದ್ದರು. 6.2 ತೀವ್ರತೆಯ ಭೂಕಂಪಕ್ಕೆ ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳ ಹಳ್ಳಿಗಳು ಕುಸಿದವು. ಸತ್ತವರು ಏಳೂವರೆ ಸಾವಿರಕ್ಕೂ ಹೆಚ್ಚು.

ಆಗಿನ ಸರ್ಕಾರಿ ನಕ್ಷೆ ತೆಗೆದು ನೋಡಿದರೆ ಕಿಲ್ಲಾರಿ ಇದ್ದದ್ದು 1ನೇ ವಲಯದಲ್ಲಿ. ಅಂದರೆ ದೇಶದಲ್ಲೇ ಅತಿ ಕಡಿಮೆ ಅಪಾಯದ ಜಾಗ!

ಈ ನಕ್ಷೆಗಳ ಇತಿಹಾಸವೇ ವಿಚಿತ್ರ. 1934ರಲ್ಲಿ ಬಿಹಾರ ನಡುಗಿತು, 1935ರಲ್ಲಿ ಮೊದಲ ನಕ್ಷೆ ಬಂತು. 1962ರ ನಕ್ಷೆಯಲ್ಲಿ 'ಸೊನ್ನೆ' ಅಂತಲೇ ಒಂದು ವಲಯ ಇತ್ತು. 1967ರ ಡಿಸೆಂಬರ್‌ನಲ್ಲಿ ಕೊಯ್ನಾ ಕಂಪಿಸಿತು. ದಖನ್ನಿನ ನೆಲ ಅಲುಗಾಡದು ಎಂಬ ನಂಬಿಕೆಗೆ ಪೆಟ್ಟು ಬಿತ್ತು. 1970ರಲ್ಲಿ ಸೊನ್ನೆ ಹೋಯಿತು. ಕಿಲ್ಲಾರಿ, ಆಮೇಲೆ 2001ರ ಭುಜ್. 2002ರಲ್ಲಿ 1ನೇ ವಲಯವೂ ಹೋಗಿ ಕಿಲ್ಲಾರಿ 3ನೇ ವಲಯಕ್ಕೆ ಬಂತು. ಪ್ರತಿ ಸಲವೂ ಮೊದಲು ಹೆಣ, ಆಮೇಲೆ ಬಣ್ಣ.

ಸಾಫ್ಟ್‌ವೇರ್‌ನವರಿಗೆ ಇದು ಬೇಗ ಅರ್ಥವಾಗುತ್ತೆ. ಲಾಗ್‌ನಲ್ಲಿ ಎರರ್ ಇಲ್ಲ ಅಂದರೆ ಬಗ್ ಇಲ್ಲ ಅಂತಲ್ಲ. ಲಾಗ್ ಬರೆಯೋರೇ ಇರಲಿಲ್ಲ ಅಂತಲೂ ಆಗಬಹುದು. ಹಳ್ಳಿಗಳಲ್ಲಿ ಹಳೇ ಕಂಪನಗಳನ್ನು ಬರೆದಿಟ್ಟವರು ಯಾರು? ದಾಖಲೆ ಇಲ್ಲದ್ದನ್ನೇ ಅಪಾಯ ಇಲ್ಲ ಅಂತ ಓದಿಕೊಂಡೆವು. ಹಾಗಂತ ನೆಲ ಸುಮ್ಮನಿರಲಿಲ್ಲ. ಕಿಲ್ಲಾರಿಯ ಜನರಿಗೆ 1992ರಿಂದಲೇ ಸಣ್ಣಪುಟ್ಟ ಕಂಪನಗಳ ಅನುಭವ ಆಗಿತ್ತು.

ಇನ್ನು ಗೋಡೆಯ ವಿಷಯ. ಅಲ್ಲಿನ ಗೋಡೆಗಳೂ ನಮ್ಮವೇ ಥರ: ಒಳಗೊಂದು ಮೈ, ಹೊರಗೊಂದು ಮೈ, ನಡುವೆ ಚೂರುಕಲ್ಲು, ಮಣ್ಣು. ಎರಡೂ ಮೈಯನ್ನು ಹಿಡಿದಿಡುವ ಉದ್ದ ಕಲ್ಲು ಇಲ್ಲದಿದ್ದರೆ, ಅಲುಗಾಡಿದಾಗ ಅವು ಬೇರೆಬೇರೆಯಾಗಿ ಬಿಚ್ಚಿಕೊಳ್ಳುತ್ತವೆ. ಮೇಲಿನ ಮಣ್ಣಿನ ಭಾರ ಮಲಗಿದವರ ಮೇಲೆ. ಹಗುರ ಗುಡಿಸಲಿನಲ್ಲಿದ್ದ ಬಡವರು ಬದುಕಿದರು, ದಪ್ಪ ಗೋಡೆಯ ಅನುಕೂಲಸ್ಥರು ಸಿಕ್ಕಿಕೊಂಡರು. ಅಂದರೆ ನೆಲ ಎಷ್ಟು ನಡುಗುತ್ತೆ ಅನ್ನುವುದು ಅರ್ಧ ಲೆಕ್ಕ. ಅದರ ಮೇಲೆ ಏನು ನಿಂತಿದೆ ಅನ್ನುವುದು ಇನ್ನರ್ಧ.

ಆ ಇನ್ನರ್ಧ ದೇಶದ ಮಟ್ಟದಲ್ಲಿ ಲೆಕ್ಕಕ್ಕೆ ಬಂದದ್ದು 1997ರಲ್ಲಿ. ಕೇಂದ್ರದ ಬಿಎಂಟಿಪಿಸಿ ಸಂಸ್ಥೆ ವಲ್ನರಬಿಲಿಟಿ ಅಟ್ಲಾಸ್ ಹೊರತಂದಿತು. ಭೂಕಂಪ, ಗಾಳಿ, ನೆರೆಯ ನಕ್ಷೆಗಳ ಜೊತೆಗೆ 1991ರ ಜನಗಣತಿಯ ಮನೆ ಲೆಕ್ಕ ಇಟ್ಟು, ಯಾವ ಜಿಲ್ಲೆಯಲ್ಲಿ ಎಂಥ ಗೋಡೆ, ಎಂಥ ಸೂರು ಅಂತ ಪಟ್ಟಿ ಮಾಡಿತು. ನನ್ನ ಪ್ರಕಾರ ನಮ್ಮ ಹಳ್ಳಿಗಳ ಅಪಾಯದ ಲೆಕ್ಕ ನಿಜವಾಗಿ ಶುರುವಾದದ್ದು ಅಲ್ಲಿಂದ. ಆದರೆ ಜಿಲ್ಲೆಯ ಪಟ್ಟಿಯಲ್ಲಿ ನಿಮ್ಮ ಮನೆಯ ಗೋಡೆ ಒಂದು ಅಂಕಿ ಅಷ್ಟೇ.

2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ನೆಲ ಮತ್ತೆ ಮತ್ತೆ ಗುಡುಗಿ ನಡುಗಿತು. ಜನ ಮನೆ ಬಿಟ್ಟು ಹೊರಗೆ ಮಲಗಿದರು. ಅದನ್ನು ಹೆದರಿಕೆ ಅಂತ ನಗಬೇಡಿ. ತಮ್ಮ ಗೋಡೆ ಎಂಥದ್ದು ಅಂತ ಅವರಿಗೆ ಗೊತ್ತಿತ್ತು.

ಬೆಂಗಳೂರಲ್ಲಿ ಫ್ಲ್ಯಾಟ್ ಕೊಳ್ಳುವಾಗ ನಾವು ಪಿಲ್ಲರ್, ಕಬ್ಬಿಣ ಎಲ್ಲ ವಿಚಾರಿಸುತ್ತೇವೆ. ಅಪ್ಪ-ಅಮ್ಮ ಮಲಗುವ ಊರಿನ ಮನೆಯನ್ನು ಯಾವತ್ತಾದರೂ ವಿಚಾರಿಸಿದ್ದೇವಾ? ಗೋಡೆಗೆ ಅಲ್ಲಲ್ಲಿ ತೂತು ಮಾಡಿ, ಸರಳಿಟ್ಟು, ಕಾಂಕ್ರೀಟ್ ತುಂಬಿ ಎರಡೂ ಮೈ ಸೇರಿಸಬಹುದು. ಮಾಳಿಗೆಯ ಹೆಚ್ಚಿನ ಮಣ್ಣು ಇಳಿಸಬಹುದು. ಮುಂದಿನ ಹಬ್ಬಕ್ಕೆ ಊರಿಗೆ ಹೋದಾಗ ತಿಳಿದ ಎಂಜಿನಿಯರ್ ಒಬ್ಬರನ್ನು ಕರೆದು ಆ ಗೋಡೆ ತೋರಿಸಬೇಕು ಅಂದುಕೊಂಡಿದ್ದೇನೆ.