ಫೆರೆಟ್‌ನ ಮೂತ್ರದ ಮೇಲೆ ಕಣ್ಣು

ಫೆರೆಟ್ ನೋಡಲು ಮುಂಗುಸಿಯಂತೆ ಕಂಡರೂ ಆ ಕುಲದ್ದಲ್ಲ. ಕಾವೇರಿಯಲ್ಲಿ ಈಜುವ ನೀರುನಾಯಿಗೆ ಅದು ದೂರದ ನೆಂಟ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಪಳಗಿಸಿದ್ದರಿಂದ ಈ ತಳಿ ಹುಟ್ಟಿತು. ಸಾಕಿದ್ದು ಮುದ್ದಿಗಲ್ಲ, ಮೊಲದ ಬೇಟೆಗೆ. ಸ್ಪೇನಿನ ಕಡೆ ಮೊಲಗಳ ಕಾಟ ಹೆಚ್ಚಿದಾಗ ಇಂಥ ಪ್ರಾಣಿಯ ಬಾಯಿಗೆ ಕುಕ್ಕೆ ಕಟ್ಟಿ ಬಿಲದೊಳಗೆ ಬಿಡುತ್ತಿದ್ದರೆಂದು ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಬರೆದಿದ್ದಾನೆ. ಅವನು ಹೇಳಿದ್ದು ಫೆರೆಟ್ಟನ್ನೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಬ್ಯಾಲಿಯಾರಿಕ್ ದ್ವೀಪದವರು ಮೊಲಗಳನ್ನು ಅಡಗಿಸಲು ಚಕ್ರವರ್ತಿ ಆಗಸ್ಟಸ್‌ನ ಬಳಿ ಸೈನ್ಯವನ್ನೇ ಬೇಡಿದ ಕಥೆ ರೋಮನ್ ಲೇಖಕ ಪ್ಲಿನಿಯ ಗ್ರಂಥದಲ್ಲಿದೆ.

ಇಂಗ್ಲೆಂಡಿನಲ್ಲಿ 1390ರ ಹೊತ್ತಿಗೆ ಫೆರೆಟ್ ಎಷ್ಟು ಬೆಲೆಯುಳ್ಳ ಸೊತ್ತಾಗಿತ್ತೆಂದರೆ, ವರ್ಷಕ್ಕೆ 40 ಶಿಲಿಂಗ್ ಹುಟ್ಟುವಳಿಯ ಜಮೀನಿಲ್ಲದವರು ಅದನ್ನು ಬೇಟೆಗೆ ಇಟ್ಟುಕೊಳ್ಳಬಾರದೆಂದು ಎರಡನೇ ರಿಚರ್ಡ್‌ನ ಕಾಲದ ಕಾನೂನು ತಡೆಯಿತು. ಕಾನೂನು ಏನೇ ಹೇಳಲಿ, ಮುಂದಿನ ಶತಮಾನಗಳಲ್ಲಿ ಅದು ಬಡವನ ಬೇಟೆಗಾರನಾಗಿಯೇ ಉಳಿಯಿತು. ಹಿತ್ತಲಿನ ಮರದ ಗೂಡು, ಅದರೊಳಗೆ ಹುಲ್ಲು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು: ಅದರ ಸಂಸಾರ ಇಷ್ಟೇ. ಮಾಂಸವನ್ನೇ ತಿನ್ನಬೇಕಾದ ಪ್ರಾಣಿಗೆ ಇದು ಒಪ್ಪುವ ಊಟವಲ್ಲ, ಆದರೂ ಇಪ್ಪತ್ತನೇ ಶತಮಾನದವರೆಗೆ ನಡೆದುಬಂತು. ಫೆರೆಟ್ ಹಿಂದಕ್ಕೆ ಸರಿದು ಮೂಲೆಗೆ ಬೆನ್ನು ಕೊಟ್ಟು ಮೂತ್ರ ಮಾಡುತ್ತದೆ. ಗೂಡಿನ ಮೂಲೆಯ ಹುಲ್ಲು ಅದನ್ನು ಹೀರಿಕೊಳ್ಳುತ್ತಿತ್ತು. ಎಷ್ಟು ಮಾಡಿತು, ಯಾವ ಬಣ್ಣ ಎಂದು ನೋಡುವ ಪ್ರಮೇಯವೇ ಬರುತ್ತಿರಲಿಲ್ಲ.

ವೈದ್ಯರ ಕಣ್ಣು ಈ ಪ್ರಾಣಿಯ ಮೇಲೆ ಬಿದ್ದದ್ದು ಬೇರೆ ದಾರಿಯಿಂದ. ನಾಯಿಗಳ ಡಿಸ್ಟೆಂಪರ್ ರೋಗ ಫೆರೆಟ್‌ಗೂ ತಗಲುತ್ತದೆಂದು 1920ರ ದಶಕದಲ್ಲಿ ತಿಳಿಯಿತು. 1933ರಲ್ಲಿ ವಿಲ್ಸನ್ ಸ್ಮಿತ್, ಆ್ಯಂಡ್ರೂಸ್ ಮತ್ತು ಲೇಯ್ಡ್‌ಲಾ ಮನುಷ್ಯನ ಫ್ಲೂ ವೈರಸ್ಸನ್ನು ಫೆರೆಟ್‌ನಲ್ಲಿ ಬೆಳೆಸಿ ತೋರಿಸಿದರು. ಅಲ್ಲಿಂದ ಅದು ಪ್ರಯೋಗಾಲಯದ ಕಾಯಂ ವಾಸಿಯಾಯಿತು. ನಡುಮನೆಗೆ ಬಂದದ್ದು ಇನ್ನೂ ತಡವಾಗಿ. 1970–80ರ ದಶಕಗಳಲ್ಲಿ ಅಮೆರಿಕದಲ್ಲಿ ಫೆರೆಟ್ ಸಾಕುವ ಖಯಾಲಿ ಹಬ್ಬಿತು. ಅದರ ರೋಗಗಳ ಬಗ್ಗೆ ಜೇಮ್ಸ್ ಫಾಕ್ಸ್ ಅವರ ದೊಡ್ಡ ಗ್ರಂಥ ಮೊದಲು ಅಚ್ಚಾದದ್ದು 1988ರಲ್ಲಿ.

ಮನೆಯೊಳಗೆ ಬರಬೇಕಾದರೆ ಅದು ಎರಡು ಬೆಲೆ ತೆರಬೇಕಾಯಿತು. ಮೊದಲನೆಯದು ಬೀಜದ ಬೆಲೆ. ಹೆಣ್ಣು ಫೆರೆಟ್‌ಗೆ ಗಂಡು ಸಿಗದಿದ್ದರೆ ಬೆದೆ ಬೇಗ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಹರಿಯುವ ಈಸ್ಟ್ರೋಜನ್ ಅಸ್ಥಿಮಜ್ಜೆಯನ್ನು ಕುಗ್ಗಿಸುತ್ತದೆ, ರಕ್ತಹೀನತೆಯಿಂದ ಪ್ರಾಣವೇ ಹೋಗಬಹುದು. ಗಂಡಿಗೆ ಕಟುವಾಸನೆ. ಹಾಗಾಗಿ ಅಮೆರಿಕದ ದೊಡ್ಡ ಸಾಕಣೆ ಕೇಂದ್ರಗಳು ಐದಾರು ವಾರದ ಮರಿಗಳನ್ನೇ ಹಿಡ ಮಾಡಿ ಮಾರಾಟಕ್ಕೆ ಕಳಿಸತೊಡಗಿದವು. ವಾಸನೆ ತಗ್ಗಿತು, ಆದರೆ ಕೆಲವು ವರ್ಷಗಳ ಬಳಿಕ ಬಾಲದ ಕೂದಲು ಉದುರಿದ, ಮೂತ್ರಕ್ಕೆ ತಿಣುಕುವ ಫೆರೆಟ್‌ಗಳು ವೈದ್ಯರ ಬಳಿಗೆ ಬರತೊಡಗಿದವು. ಲೈಂಗಿಕ ಗ್ರಂಥಿ ತೆಗೆದ ಮೇಲೆ ಮೆದುಳಿನ ಹಾರ್ಮೋನುಗಳಿಗೆ ಲಗಾಮಿಲ್ಲ. ಅವು ಅಡ್ರಿನಲ್ ಗ್ರಂಥಿಯನ್ನು ಸದಾ ಕೆಣಕುತ್ತವೆ. ಊದಿದ ಆ ಗ್ರಂಥಿ ತಾನೇ ಲೈಂಗಿಕ ಹಾರ್ಮೋನು ಸುರಿಸುತ್ತದೆ. ಗಂಡಿನಲ್ಲಿ ಇದರಿಂದ ಪ್ರಾಸ್ಟೇಟ್ ಉಬ್ಬಿ ಮೂತ್ರನಾಳವನ್ನು ಹಿಸುಕುತ್ತದೆ. ಹಿಡ ಮಾಡಿದ ವಯಸ್ಸಿಗೂ ರೋಗ ಕಾಣಿಸಿಕೊಂಡ ವಯಸ್ಸಿಗೂ ನಂಟಿದೆಯೆಂದು ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನ ಸಂಶೋಧಕರು 2000ದಲ್ಲಿ ತೋರಿಸಿದರು. ಈ ರೋಗಕ್ಕೆಂದು ಚರ್ಮದಡಿ ಇಡುವ ಡೆಸ್ಲೊರೆಲಿನ್ ಎಂಬ ಔಷಧಿ ತುಣುಕಿಗೆ ಅಮೆರಿಕದಲ್ಲಿ 2012ರಲ್ಲಿ ಅನುಮತಿ ಸಿಕ್ಕಿತು.

ಎರಡನೆಯ ಬೆಲೆ ಊಟದ ತಟ್ಟೆಯದು. ಫೆರೆಟ್‌ಗೆ ಹಾಕತೊಡಗಿದ ಬೆಕ್ಕು ನಾಯಿಗಳ ಅಗ್ಗದ ಒಣ ಆಹಾರದಲ್ಲಿ ಧಾನ್ಯವೇ ಹೆಚ್ಚು. ಮಾಂಸಾಹಾರಿಯ ಮೂತ್ರ ಸಹಜವಾಗಿ ಆಮ್ಲೀಯ. ಸಸ್ಯದ ಪ್ರೋಟೀನು ಅದನ್ನು ಕ್ಷಾರದತ್ತ ತಿರುಗಿಸುತ್ತದೆ, ಆಗ ಸ್ಟ್ರುವೈಟ್ ಎಂಬ ಕಲ್ಲು ಕಟ್ಟುತ್ತದೆ. (ಈ ಖನಿಜವನ್ನು ವರ್ಣಿಸಿ ಹೆಸರಿಟ್ಟದ್ದು 1845ರಲ್ಲಿ, ಹ್ಯಾಂಬರ್ಗ್‌ನ ಹಳೆಯ ಕೊಳೆಗುಂಡಿಯಲ್ಲಿ ಅದು ಸಿಕ್ಕಾಗ, ಗೌರವ ಸಂದದ್ದು ಫಾನ್ ಸ್ಟ್ರೂವೆ ಎಂಬ ರಾಜತಾಂತ್ರಿಕರಿಗೆ. ಹೆಸರಿಗೆ ಸಿಕ್ಕ ಗೌರವ ಮೂಲಕ್ಕೆ ಸಿಕ್ಕಿಲ್ಲ.) 1981ರಿಂದ 2007ರವರೆಗೆ ಮಿನ್ನೆಸೋಟಾ ವಿಶ್ವವಿದ್ಯಾಲಯದ ಕಲ್ಲು ಪರೀಕ್ಷಾ ಕೇಂದ್ರಕ್ಕೆ ಬಂದ ಫೆರೆಟ್ ಕಲ್ಲುಗಳಲ್ಲಿ 272 ಸ್ಟ್ರುವೈಟ್ ಆಗಿದ್ದವು, ಅಂದರೆ ಸುಮಾರು ಮೂರರಲ್ಲಿ ಎರಡು ಪಾಲು. ಆಹಾರದಲ್ಲಿ ಮಾಂಸದ ಪಾಲು ಹೆಚ್ಚಿದ ಮೇಲೆ ಲೆಕ್ಕ ತಿರುಗಿತು. ಈಗ ಅಲ್ಲಿಗೆ ಬರುವವುಗಳಲ್ಲಿ ಬಹುಪಾಲು ಸಿಸ್ಟೀನ್ ಕಲ್ಲುಗಳು. ಮನುಷ್ಯನ ಮೂತ್ರಕೋಶದ ಕಲ್ಲಿನಿಂದ ರಸಾಯನಶಾಸ್ತ್ರಜ್ಞ ವಾಲಸ್ಟನ್ 1810ರಲ್ಲಿ ಪತ್ತೆಹಚ್ಚಿದ್ದ ವಸ್ತುವೇ ಇದು. ವಂಶದ ದೋಷದ ಜೊತೆಗೆ, ಬಟಾಣಿ ಜಾತಿಯ ಕಾಳು ಬೆರೆತ ಹೊಸ ಆಹಾರದ ಮೇಲೂ ಅನುಮಾನವಿದೆ.

ಹೀಗೆ ಹಿತ್ತಲಿನ ಗೂಡು ನೋಡದೆ ಬಿಟ್ಟದ್ದನ್ನು ನಡುಮನೆಯ ಮಲದ ತಟ್ಟೆ ತೋರಿಸತೊಡಗಿತು. ಕಾಗದದ ಉಂಡೆಗಳನ್ನು ಹರಡಿದ ಮಲದ ತಟ್ಟೆಯಲ್ಲಿ ಒದ್ದೆಯಾದ ಜಾಗ ಕಾಣುತ್ತದೆ; ಬಿಳಿ ಬಟ್ಟೆ ಹಾಸಿದರೆ ಕೆಂಪು ಕಲೆಯೂ ಕಾಣುತ್ತದೆ. ದಿನಕ್ಕೆ ಸರಾಸರಿ 26ರಿಂದ 28 ಮಿಲಿಲೀಟರ್, ಐದಾರು ಟೀ ಚಮಚೆಯಷ್ಟು, ಫೆರೆಟ್‌ನ ಮೂತ್ರ. ಪ್ರಾಣಿಯಿಂದ ಪ್ರಾಣಿಗೆ ಅದು ಬಹಳ ಹೆಚ್ಚುಕಡಿಮೆಯಾಗುತ್ತದೆ. ಆದ್ದರಿಂದ ಅಳತೆಗಿಂತ ರೂಢಿ ಮುಖ್ಯ. ಇಂದು ಎಷ್ಟು ಸಲ ಮೂಲೆಗೆ ಹೋಯಿತು, ಬಾಲವೆತ್ತಿ ಎಷ್ಟು ಹೊತ್ತು ನಿಂತಿತು, ನಿಂತದ್ದಕ್ಕೆ ತಕ್ಕಷ್ಟು ಒದ್ದೆಯಾಯಿತೆ, ಹನಿಹನಿಯಾಗಿ ಸುರಿಯಿತೆ, ಬಳಿಕ ಮೂತ್ರದ್ವಾರವನ್ನು ಬಿಡದೆ ನೆಕ್ಕಿತೆ, ನೋವಿಗೆ ಕೂಗಿತೆ ಎಂಬುದನ್ನು ಸಾಕಿದವರು ಬರೆದಿಟ್ಟುಕೊಳ್ಳುತ್ತಾರೆ. ವಾರಕ್ಕೊಮ್ಮೆ ತೂಕ ನೋಡುವುದೂ ಉಂಟು. ಮೂತ್ರಪರೀಕ್ಷೆಯ ಪಟ್ಟಿ 1956ರಿಂದ ಅಂಗಡಿಯಲ್ಲಿ ಸಿಗುತ್ತಿದೆ. ಇಂದಿನ ಪಟ್ಟಿ ರಕ್ತವನ್ನೂ ಆಮ್ಲ–ಕ್ಷಾರವನ್ನೂ ತೋರಿಸುತ್ತದೆ, ಆದರೆ ಕಲ್ಲನ್ನು ತೋರಿಸದು; ಅದಕ್ಕೆ ಎಕ್ಸ್‌ರೇಯಂಥ ಪರೀಕ್ಷೆ ಬೇಕು.

ಹೊಟ್ಟೆಯ ಕೆಳಭಾಗ ಗಟ್ಟಿಯಾಗಿ ಉಬ್ಬಿ ಒಂದು ಹನಿಯೂ ಬಾರದಿದ್ದರೆ ಮನೆಯ ನಿಗಾ ಅಲ್ಲಿಗೆ ಮುಗಿಯಿತು. ಗಂಡು ಫೆರೆಟ್‌ನ ಶಿಶ್ನದ ಎಲುಬು ತುದಿಯಲ್ಲಿ ಕೊಕ್ಕೆಯಂತೆ ಬಾಗಿದೆ. ಮೂತ್ರದ ನಳಿಕೆ ಹಾಕುವುದು ನುರಿತ ವೈದ್ಯರಿಗೂ ಪ್ರಯಾಸದ ಕೆಲಸ, ಅದೂ ಅರಿವಳಿಕೆ ಕೊಟ್ಟ ಮೇಲೆ. ಅಂಥ ಫೆರೆಟ್ಟನ್ನು ಮರುದಿನಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.