ತಂತಿ ಕೆಲಸದ ಓದು: ಹೈದರಾಬಾದ್ ಮತ್ತು ನಾವು

ವಿದ್ಯುತ್ತಿನ ಚರಿತ್ರೆ ಹೇಳುವಾಗ ನಾವು ಕನ್ನಡಿಗರು ಸಾಮಾನ್ಯವಾಗಿ ಶಿವನಸಮುದ್ರದಿಂದ ಶುರು ಮಾಡುತ್ತೇವೆ. 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿ ಸೇರಿತು. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗೆ ದೀಪ ಬಂತು. 1911ರಲ್ಲಿ ಪಾಠ ಶುರುವಾದ ಟಾಟಾ ಇನ್ಸ್ಟಿಟ್ಯೂಟಿನ ಮೊದಲ ವಿಭಾಗಗಳಲ್ಲಿ ವಿದ್ಯುತ್ ತಂತ್ರಜ್ಞಾನವೂ ಒಂದು. 1917ರಲ್ಲಿ ವಿಶ್ವೇಶ್ವರಯ್ಯನವರ ಇಂಜಿನಿಯರಿಂಗ್ ಕಾಲೇಜೂ ಬಂತು.

ಆದರೆ ಇದೆಲ್ಲ ಮೈಸೂರು ಸೀಮೆಯ ಕಥೆ. ಬೀದರ್, ಕಲಬುರಗಿ, ರಾಯಚೂರು, ಕೊಪ್ಪಳದ ಕನ್ನಡಿಗರಿಗೆ ರಾಜಧಾನಿ ಹೈದರಾಬಾದ್. ಅವರ ಮಕ್ಕಳು ಇಂಜಿನಿಯರ್ ಆಗಬೇಕೆಂದರೆ ರೈಲು ಹತ್ತಬೇಕಿದ್ದದ್ದು ಈ ಊರಿಗೆ.

ಇಲ್ಲಿ ಅವರಿಗೆ ಎದುರಾಗುತ್ತಿದ್ದದ್ದು ಉರ್ದು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಇಂಗ್ಲಿಷ್ ಬಿಟ್ಟು ದೇಶಭಾಷೆಯಲ್ಲಿ ಉನ್ನತ ಶಿಕ್ಷಣ ಕೊಡಲು ಹೊರಟಿತು. ಅದಕ್ಕಾಗಿ ದಾರುಲ್ ತರ್ಜುಮಾ ಎಂಬ ಅನುವಾದ ಸಂಸ್ಥೆಯೇ ಹುಟ್ಟಿತು. 1929ರಲ್ಲಿ ಇಂಜಿನಿಯರಿಂಗ್ ಕಾಲೇಜು ಬಂದಾಗ ಅಲ್ಲಿಯೂ ಇದೇ ನೀತಿ. ವಿಜ್ಞಾನವನ್ನು ನಮ್ಮ ಭಾಷೆಯಲ್ಲಿ ಹೇಳಬಹುದು ಎಂದು ತೋರಿಸಿದ ದೊಡ್ಡ ಪ್ರಯೋಗ ಅದು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಸಂಸ್ಥಾನದ ಬಹುಪಾಲು ಜನರ ಮನೆಮಾತು ತೆಲುಗು, ಮರಾಠಿ, ಕನ್ನಡ. ಅರಸೊತ್ತಿಗೆಯ ದೇಶಭಾಷೆ ರಾಯಚೂರಿನ ಹುಡುಗನಿಗೆ ಇನ್ನೊಂದು ಪರಭಾಷೆಯೇ ಆಗಿತ್ತು.

1948ರ ಪೊಲೀಸ್ ಕಾರ್ಯಾಚರಣೆಯ ನಂತರ ಉಸ್ಮಾನಿಯಾ ಇಂಗ್ಲಿಷಿಗೆ ತಿರುಗಿತು. 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಬೆಂಗಳೂರು ದೂರ, ಹೈದರಾಬಾದ್ ಈಗ ಬೇರೆ ರಾಜ್ಯ. ಈ ಕೊರತೆ ತುಂಬಲು 1958ರಲ್ಲಿ ಕಲಬುರಗಿಯಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆ ಹುಟ್ಟಿತು. ಅದೇ ವರ್ಷ ಅದರ ಇಂಜಿನಿಯರಿಂಗ್ ಕಾಲೇಜು ಶುರುವಾಯಿತು. ಶರಣಬಸವೇಶ್ವರ ಸಂಸ್ಥಾನದ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನ ಪಿಡಿಎ ಕಾಲೇಜು ಅದು. ಈಗ ಹೈದರಾಬಾದಿನಲ್ಲಿ ನೌಕರಿ ಮಾಡುವ ಕಲಬುರಗಿಯವರಲ್ಲಿ ಅಲ್ಲಿ ಓದಿದವರು ನಿಮಗೆ ಸುಲಭವಾಗಿ ಸಿಗುತ್ತಾರೆ.

ಇಲ್ಲಿಯವರೆಗಿನದು ಪದವಿಯ ಚರಿತ್ರೆ. ಗೋಡೆ ಕೊರೆದು, ಪೈಪು ಕೂರಿಸಿ, ತಂತಿ ಎಳೆಯುವವರ ಓದಿನ ಚರಿತ್ರೆ ಬೇರೆಯೇ ದಾರಿ ಹಿಡಿಯಿತು. 1950ರಲ್ಲಿ ಕೇಂದ್ರ ಸರ್ಕಾರ ಕುಶಲಕರ್ಮಿ ತರಬೇತಿ ಯೋಜನೆ ಆರಂಭಿಸಿತು. ಐಟಿಐಗಳು ಅದರಡಿ ಬೆಳೆದವು. ಇಲೆಕ್ಟ್ರಿಷಿಯನ್, ವೈರ್‌ಮನ್ ಎರಡೂ ಎರಡು ವರ್ಷದ ಕೋರ್ಸು. 1961ರ ಅಪ್ರೆಂಟಿಸ್ ಕಾಯ್ದೆ ಕಾರ್ಖಾನೆಯಲ್ಲೇ ಕಲಿಯುವ ದಾರಿ ತೆರೆಯಿತು. ಆದರೆ ಪದವೀಧರ ಮತ್ತು ಡಿಪ್ಲೊಮಾ ಇಂಜಿನಿಯರುಗಳನ್ನು ಈ ಕಾಯ್ದೆಯ ಒಳಗೆ ತಂದದ್ದು 1973ರ ತಿದ್ದುಪಡಿ. ಕೈಕೆಸರು ಮಾಡಿಕೊಳ್ಳುವ ತರಬೇತಿ ಇಂಜಿನಿಯರಿಗೂ ಬೇಕು ಎಂದು ಕಾನೂನು ಒಪ್ಪಲು ಹನ್ನೆರಡು ವರ್ಷ ಬೇಕಾಯಿತು.

ಸೈಟಿನ ಮಟ್ಟಿಗೆ ಕಾನೂನು ಮೊದಲೇ ಎಚ್ಚೆತ್ತಿತ್ತು. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯ ನಿಯಮ ಓದಿ ನೋಡಿ. ಬಲ್ಬು, ಫ್ಯೂಸು ಬದಲಿಸುವಂಥ ಸಣ್ಣ ಕೆಲಸ ಬಿಟ್ಟರೆ, ವಿದ್ಯುತ್ ಕೆಲಸವನ್ನು ಲೈಸೆನ್ಸ್ ಪಡೆದ ಗುತ್ತಿಗೆದಾರನೇ ಮಾಡಿಸಬೇಕು. ಅರ್ಹತಾ ಪತ್ರವಿರುವ ಸೂಪರ್‌ವೈಸರ್ ಮೇಲೆ ನಿಂತು ನೋಡಿಕೊಳ್ಳಬೇಕು. ಕೈಹಾಕುವವನ ಬಳಿ ಪರ್ಮಿಟ್ ಇರಬೇಕು. ಬರೀ ಕಾಲೇಜಿನ ಅಂಕಪಟ್ಟಿ ಸಾಲದು ಎಂಬುದು ಇದರ ಅರ್ಥ.

ಇಷ್ಟು ಬಿಗಿ ಯಾಕೆ? ಕಟ್ಟಡದ ವಿದ್ಯುತ್ ಕೆಲಸ ಬಹುಪಾಲು ಮುಚ್ಚಿಹೋಗುತ್ತದೆ. ಸ್ಲ್ಯಾಬಿಗೆ ಕಾಂಕ್ರೀಟ್ ಸುರಿಯುವ ಮೊದಲೇ ಕಬ್ಬಿಣದ ಸರಳುಗಳ ನಡುವೆ ಕಂಡ್ಯೂಟ್ ಪೈಪು ಕೂರಬೇಕು. ಒಂದು ಜಾಯಿಂಟ್ ಬಿಚ್ಚಿಕೊಂಡು ಕಾಂಕ್ರೀಟ್ ಒಳಗೆ ನುಗ್ಗಿದರೆ, ಆ ದಾರಿಯಲ್ಲಿ ಮತ್ತೆ ತಂತಿ ಹೋಗದು. ಅರ್ಥಿಂಗ್ ಅಂತೂ ಮಣ್ಣಿನಡಿಯ ಕೆಲಸ. ಗುಂಡಿ ತೋಡಿ, ಇದ್ದಿಲು, ಉಪ್ಪು ಪದರ ಪದರವಾಗಿ ಹಾಕಿ, ಆಗಾಗ ನೀರು ಕುಡಿಸಿ, ಕೊನೆಗೆ ಮೀಟರಿಟ್ಟು ಅಳೆಯಬೇಕು. ಅದು ಕೆಟ್ಟಿದ್ದರೂ ದೀಪ ಉರಿಯುತ್ತದೆ, ಫ್ಯಾನು ತಿರುಗುತ್ತದೆ. ಗೀಸರಿನ ಮೈಗೆ ಕರೆಂಟು ಇಳಿದ ದಿನವೇ ಗೊತ್ತಾಗುವುದು. ಟ್ರಾನ್ಸ್‌ಫಾರ್ಮರಿನ ಸಿದ್ಧಾಂತ ಚೆನ್ನಾಗಿ ಕಲಿಸುವ ನಮ್ಮ ಕಾಲೇಜುಗಳು ಈ ಕೆಲಸಕ್ಕೆ ಕೊಟ್ಟ ಜಾಗ ಕಡಿಮೆ.

1998 ಇಲ್ಲಿ ಗಮನಿಸಬೇಕಾದ ವರ್ಷ. ಆ ವರ್ಷ ಹೈಟೆಕ್ ಸಿಟಿಯ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ನಾವು ಈ ಊರಿಗೆ ಬರಲು ಕಾರಣವಾದ ಬಾಗಿಲು ಅದು. ಅದೇ ವರ್ಷ, ಅಲ್ಲಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ ನೆಲೆಯೂರಿದ ನ್ಯಾಷನಲ್ ಅಕಾಡೆಮಿ ಆಫ್ ಕನ್‌ಸ್ಟ್ರಕ್ಷನ್, ಅಂದರೆ ನ್ಯಾಕ್, ಸ್ಥಾಪನೆಯಾಯಿತು. ಕಟ್ಟಡ ಕೆಲಸಗಾರರಿಗೆ ಗಾರೆ, ಬಾರ್ ಬೆಂಡಿಂಗ್, ಪ್ಲಂಬಿಂಗ್, ಮನೆ ವೈರಿಂಗ್ ಇವನ್ನೆಲ್ಲ ಕಲಿಸಲೆಂದೇ ಇರುವ ಸಂಸ್ಥೆ. ಕಾಲೇಜು ಮೆಟ್ಟಿಲು ಹತ್ತದವರಿಗೂ ತಿಂಗಳುಗಳ ಲೆಕ್ಕದ ತರಬೇತಿ ಮತ್ತು ಪ್ರಮಾಣಪತ್ರ ಸಿಗಬೇಕು ಎಂಬುದು ಅದರ ಉದ್ದೇಶ. ಎಲೆಕ್ಸ್ಪೊ ನೋಡಲು ಹೈಟೆಕ್ಸಿಗೆ ಹೋಗುವ ನಮ್ಮಲ್ಲಿ ಎಷ್ಟು ಜನ ಪಕ್ಕದ ಆ ಗೇಟನ್ನು ಗಮನಿಸಿದ್ದೇವೆ?

ಗಚ್ಚಿಬೌಲಿ, ಕೊಂಡಾಪುರದ ಕಟ್ಟಡಗಳ ಕೆಲಸಕ್ಕೆ ಯಾದಗಿರಿ, ರಾಯಚೂರು, ಕಲಬುರಗಿಯ ಹಳ್ಳಿಗಳಿಂದ ಜನ ಈಗಲೂ ಬರುತ್ತಾರೆ. ಅವರಲ್ಲಿ ತಂತಿ ಕೆಲಸ ಕಲಿಯುವ ಹುಡುಗರು ಉಸ್ತಾದನ ಹಿಂದೆ ತಿರುಗಿ, ಪಾನಾ, ಪಕ್ಕಡ್ ಎತ್ತಿಕೊಡುತ್ತ ಕಲಿಯುತ್ತಾರೆ. ಕೈ ಪಳಗುತ್ತದೆ, ಆದರೆ ಕಾಗದ ಇರುವುದಿಲ್ಲ. ಕಾಗದವಿಲ್ಲದವನಿಗೆ ಪರ್ಮಿಟ್ ಇಲ್ಲ. ಪರ್ಮಿಟ್ ಇಲ್ಲದವನು ಶಾಕ್ ಹೊಡೆದು ಬಿದ್ದರೆ ಅವನು ಅಲ್ಲಿ ಕೆಲಸ ಮಾಡುತ್ತಿದ್ದನೆಂದು ಸಾಬೀತು ಮಾಡುವುದೇ ಮನೆಯವರಿಗೆ ಕಷ್ಟ.

2021ರಲ್ಲಿ ಎಐಸಿಟಿಇ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಿತು. ಉಸ್ಮಾನಿಯಾ ಎತ್ತಿದ್ದ ಪ್ರಶ್ನೆಯೇ ಮತ್ತೆ ಬಂದಂತಾಯಿತು. ಪದವಿಗೆ ಇಂಗ್ಲಿಷೇ ಇರಲಿ ಎನ್ನುವವರ ವಾದ ನನಗೆ ಅರ್ಥವಾಗುತ್ತದೆ. ಆದರೆ ವೈರಿಂಗ್ ಕಲಿಯುವ ಹುಡುಗನಿಗೆ ಅರ್ಥಿಂಗ್ ಯಾಕೆ ಬೇಕು ಎಂಬುದನ್ನು ಅವನ ಮಾತಿನಲ್ಲೇ ಹೇಳಬೇಕು. ಇಲ್ಲಿನ ಕನ್ನಡ ಸಂಘಗಳಲ್ಲಿ ಇಲೆಕ್ಟ್ರಿಕಲ್ ಓದಿದವರು ಇದ್ದೇ ಇದ್ದಾರೆ. ಭಾನುವಾರಕ್ಕೊಂದು ಗಂಟೆ ಕೊಟ್ಟು, ಪರ್ಮಿಟ್ ಪರೀಕ್ಷೆಗೆ ಬೇಕಾದಷ್ಟನ್ನು ಕನ್ನಡದಲ್ಲಿ ಹೇಳಿಕೊಟ್ಟರೂ ಆದೀತು. ನಮ್ಮ ಫ್ಲ್ಯಾಟಿನ ಗೋಡೆಯೊಳಗಿನ ತಂತಿಯನ್ನು ಎಳೆದವರಲ್ಲಿ ನಮ್ಮೂರಿನವರೂ ಇರಬಹುದು.